ಕೆಂಪು ಚುಕ್ಕಿ ಸೂರತ್‌ಗೆ ಹೋಗುವುದಿಲ್ಲ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಅಹಮದಾಬಾದಿನ ವಟ್ವಾದಲ್ಲಿ, ಬಣ್ಣದ ಕಾರ್ಖಾನೆಯೊಂದರ ಸುಟ್ಟ ಗೋದಾಮಿನ ನಡುವೆ ನಿಂತಿದ್ದೆ. ನನ್ನದು ವಿಮಾ ಕಂಪನಿಯ ನೌಕರಿ; ಬೆಂಕಿ ಬಿದ್ದಲ್ಲಿಗೆ ಹೋಗಿ ಆದ ನಷ್ಟ ನೋಡಿಕೊಂಡು ಬರುವ ಕೆಲಸ. ಕಾಲ ಕೆಳಗೆಲ್ಲ ನೀಲಿ ಬೂದಿ. ಅವರ ಮಗಳು ಫೋನಿನಲ್ಲಿ ಅಳದೆ, ಬೇಗಬೇಗ ಹೇಳಿ ಮುಗಿಸಿದರು. ಬೆಳಿಗ್ಗೆ ಚಹಾ ಮಾಡಿಕೊಳ್ಳಲು ಎದ್ದಿದ್ದರಂತೆ, ಒಲೆಯ ಹತ್ತಿರವೇ ಕುಸಿದರಂತೆ. ನಾನು ಫೋನು ಕೆಳಗಿಟ್ಟು ಕಾರ್ಖಾನೆಯ ಮ್ಯಾನೇಜರ್ ಜೊತೆ ಮಾತು ಮುಂದುವರಿಸಿದೆ. ಏನು ಮಾತಾಡಿದೆನೋ ನೆನಪಿಲ್ಲ. ಆಮೇಲೆ ಇಡೀ ದಿನ ಒಂದು ಕಡೆ ನಿಲ್ಲಲಾಗಲಿಲ್ಲ. ಈಗ ಇದನ್ನು ಬರೆಯುವಾಗಲೂ ಮತ್ತೆಮತ್ತೆ ಎದ್ದು ಬಾಲ್ಕನಿಗೆ ಹೋಗಿ ಬರುತ್ತಿದ್ದೇನೆ. ಅವರ ವಿಷಯವನ್ನು ಕೂತು ಬರೆಯುವುದೇ ಒಂದು ಬಗೆಯ ತಪ್ಪು ಅನ್ನಿಸುತ್ತದೆ. ಅವರು ಎಲ್ಲೂ ಕೂತವರಲ್ಲ.

ಹೆಸರು ಹೇಳುವುದಿಲ್ಲ. ಅಹಮದಾಬಾದಿನ ಕನ್ನಡಿಗರಿಗೆ ಅವರು ಕಾಕಾ. ಅವರ ಊರಾದ ಧಾರವಾಡದ ಕಡೆ ಚಿಕ್ಕಪ್ಪನಿಗೆ ಕಾಕಾ ಅನ್ನುತ್ತಾರೆ, ಗುಜರಾತಿಗಳೂ ಹಾಗೇ ಅನ್ನುತ್ತಾರೆ. ಹೀಗಾಗಿ ನಮಗೂ ಅವರ ಸೊಸೈಟಿಯ ವಾಚ್‌ಮನ್‌ಗೂ ತರಕಾರಿಯವಳಿಗೂ ಆ ಒಂದು ಹೆಸರೇ ಸಾಕಾಗಿತ್ತು. ತೆಳ್ಳಗೆ, ಎತ್ತರಕ್ಕೆ, ಸದಾ ಎಲ್ಲಿಗೋ ಹೊರಟವರ ಹಾಗೆ ಹೆಗಲಿಗೊಂದು ಚೀಲ. ಚಹಾ ಆರುವ ತನಕ ತಾಳ್ಮೆಯಿಲ್ಲದೆ ಬಸಿಯಲ್ಲಿ ಹೊಯ್ದು ಊದುತ್ತ ಕುಡಿಯುತ್ತಿದ್ದರು. ಆಟೋ ಸಿಗ್ನಲ್‌ನಲ್ಲಿ ನಿಂತರೆ ಇಳಿದು ದುಡ್ಡು ಕೊಟ್ಟು ಮುಂದಕ್ಕೆ ನಡೆದುಬಿಡುತ್ತಿದ್ದರು; ಹಿಂದೆ ಉಳಿದ ನಾವು ಅದೇ ಆಟೋದಲ್ಲಿ ಅವರನ್ನು ದಾಟಿ ಹೋಗುವಾಗ ಕೈ ಬೀಸುತ್ತಿದ್ದರು. ಊಟ ನಿಂತೇ ಮಾಡುತ್ತಿದ್ದರು. ಅವರ ಹೆಂಡತಿ ಬದುಕಿದ್ದಾಗ ಒಮ್ಮೆ ನನಗೆ ಬಡಿಸುತ್ತ ಹೇಳಿದ್ದರು, “ಮದುವಿ ಮಂಟಪದಾಗೂ ಇವರು ಕೂತಿಲ್ಲವಾ. ಭಟ್ಟರಿಗೆ ಮೈಕ್ ಸರಿ ಮಾಡಿಕೊಡ್ಲಿಕ್ಕೆ ಎದ್ದು ಹೋಗಿದ್ರು.”

ನಮ್ಮದೊಂದು ಕೂಟವಿದೆ. ಸ್ಯಾಟಲೈಟ್ ಎಂಬ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಸದಸ್ಯರಲ್ಲೊಬ್ಬರು ತಮಗೆ ಗೊತ್ತಿರುವ ಏನನ್ನಾದರೂ ಸ್ಲೈಡ್‌ಗಳ ಜೊತೆ ಕನ್ನಡದಲ್ಲಿ ವಿವರಿಸಬೇಕು. ಬ್ಯಾಂಕಿನವರೊಬ್ಬರು ಮೆಟ್ಟಿಲುಬಾವಿಗಳ ಬಗ್ಗೆ ಮಾತಾಡಿದ್ದಾರೆ, ಒಬ್ಬ ವೈದ್ಯೆ ಹಾವಿನ ವಿಷದ ಬಗ್ಗೆ. ಕೊನೆಗೆ ಉಪ್ಪಿಟ್ಟು, ಜೊತೆಗೆ ಬೀದಿಯ ಮೂಲೆಯ ಅಂಗಡಿಯಿಂದ ಕಡಲೆಹಿಟ್ಟಿನ ಫಾಫಡಾ. ನಾನು ಕಾರ್ಯದರ್ಶಿ. ಕೊರೋನಾ ಕಾಲದಲ್ಲಿ ಎಲ್ಲರೂ ಅವರವರ ಮನೆಯಿಂದಲೇ ಇಂಟರ್‌ನೆಟ್‌ನಲ್ಲಿ ಸೇರಿದೆವು. ಆಗ ವಡೋದರಾದಿಂದ, ಸೂರತ್‌ನಿಂದ ಹೊಸಬರು ಬಂದರು. ಮತ್ತೆ ಹಾಲ್‌ಗೆ ಮರಳಿದಾಗ ಅವರು ಕೇಳಿದರು, ಇನ್ನು ನಮ್ಮ ಗತಿ?

ಲ್ಯಾಪ್‌ಟಾಪ್ ಒಂದನ್ನು ಮೇಜಿನ ಮೇಲಿಟ್ಟು ಲಿಂಕ್ ಕಳಿಸಿದೆವು. ಆಯಿತು ಅಂದುಕೊಂಡೆವು. ಮರುದಿನ ಸೂರತ್‌ನ ಸದಸ್ಯೆಯೊಬ್ಬರು ಗುಂಪಿನಲ್ಲಿ ನಗುತ್ತ ಬರೆದರು: ಕಾರ್ಯಕ್ರಮ ಚೆನ್ನಾಗಿತ್ತು, ಸಭೆ ಪೂರ್ತಿ ನಿಮ್ಮ ಹಾಲ್‌ನ ಫ್ಯಾನ್ ನೋಡಿದೆವು. ನಾವೆಲ್ಲ ನಗುವ ಗುರುತು ಹಾಕಿದೆವು. ಕಾಕಾ ಮಾತ್ರ ನೇರ ನನ್ನ ಆಫೀಸಿಗೆ ಬಂದರು. ನಿಂತುಕೊಂಡೇ ಕೇಳಿದರು, “ಅಷ್ಟೂ ಹೊತ್ತು ಫ್ಯಾನ್ ನೋಡ್ಯಾರ. ಒಬ್ಬರಾದ್ರೂ ನಡುವ ಯಾಕ ಹೇಳಲಿಲ್ಲ?”

ಮುಂದಿನ ಸಭೆಯಿಂದ ಆ ಕೆಲಸ ಅವರದಾಯಿತು. ಯಾರೂ ವಹಿಸಲಿಲ್ಲ, ಅವರೇ ತೆಗೆದುಕೊಂಡರು.

ಅವರು ಮಾಡಿದ ಮೊದಲ ಕೆಲಸವೆಂದರೆ ಹಾಲ್‌ನಿಂದ ಹೊರಗೆ ಹೋದದ್ದು. ಭಾಷಣ ಶುರುವಾದೊಡನೆ ಎದ್ದು, ಮೆಟ್ಟಿಲ ಹತ್ತಿರ ನಿಂತು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ತಮ್ಮ ಫೋನಿನಿಂದ ಅದೇ ಸಭೆಗೆ ದೂರದವರ ಹಾಗೆ ಸೇರಿಕೊಂಡರು. ಒಳಗಿನ ಸಭೆಯನ್ನು ಗೋಡೆಯಾಚೆಯಿಂದ ನೋಡುವ ಒಬ್ಬನಾದರೂ ಬೇಕು ಅನ್ನುವುದು ಅವರ ವಾದ. ಅಲ್ಲಿಂದ ಏನಾದರೂ ಕೆಟ್ಟರೆ ಬಾಗಿಲಲ್ಲಿ ತಲೆ ಹಾಕುತ್ತಿದ್ದರು. ಧ್ವನಿ ಒಡೀತದ. ಮುಂದಿನ ಸಾಲಿನವರು ಕೇಳಿದ ಪ್ರಶ್ನೆ ಮೈಕಿನಾಗ ಮತ್ತೊಮ್ಮೆ ಹೇಳ್ರಿ. ವಿಡಿಯೊ ಓಡ್ಯದ, ಅದರ ಶಬ್ದ ಹೊರಗ ಬಂದಿಲ್ಲ. ಒಮ್ಮೆ ಭಾಷಣಕಾರರೊಬ್ಬರು ತಮಗಾಗಿ ಬರೆದುಕೊಂಡಿದ್ದ ಟಿಪ್ಪಣಿ ದೂರದವರಿಗೆಲ್ಲ ಕಾಣುತ್ತಿತ್ತು. ‘ಇಲ್ಲಿ ನಗಿಸಬೇಕು’ ಎಂಬ ಸಾಲೂ ಅದರಲ್ಲಿತ್ತು. ಕಾಕಾ ಓಡಿಬಂದು ಅವರ ಕಿವಿಯಲ್ಲಿ ಹೇಳಿದರು. ಆ ಜೋಕಿಗೆ ಸೂರತ್‌ನವರು ಮೊದಲೇ ನಕ್ಕಿದ್ದರಂತೆ.

ಭಾಷಣ ಮಾಡುವವರಿಗೆಲ್ಲ ಲೇಸರ್ ಪಾಯಿಂಟರ್ ಎಂದರೆ ಪ್ರೀತಿ. ಗೋಡೆಯ ಪರದೆಯ ಮೇಲೆ ಕೆಂಪು ಚುಕ್ಕಿ ಆಡಿಸುತ್ತ ‘ಇಲ್ಲಿ ನೋಡಿ, ಇಲ್ಲಿಂದ ಇಲ್ಲಿಗೆ’ ಎನ್ನುತ್ತಾರೆ. ಕಾಕಾ ಬಾಗಿಲಿನಿಂದ, “ಕೆಂಪು ಚುಕ್ಕಿ ಸೂರತ್ತಿಗೆ ಹೋಗೂದಿಲ್ರೀ,” ಅನ್ನುತ್ತಿದ್ದರು. ಅದು ಪರದೆಯ ಮೇಲೆ ಬಿದ್ದ ಬೆಳಕು, ಕಂಪ್ಯೂಟರಿನ ಒಳಗಿಲ್ಲ. ದೂರದವರಿಗೆ ಇಲ್ಲಿ ಅಂದರೆ ಎಲ್ಲಿ? ಮೌಸ್ ಹಿಡಿದು ತೋರಿಸಿ ಅಂತ. ಕೊನೆಗೆ ಕೂಟದ ಪಾಯಿಂಟರನ್ನು ತಮ್ಮ ಚೀಲಕ್ಕೆ ಹಾಕಿಕೊಂಡುಬಿಟ್ಟರು. ಕೆಲವರಿಗೆ ಸಿಟ್ಟು ಬಂತು. ನನಗೂ ಒಂದೊಂದು ಸಲ ರೇಗುತ್ತಿತ್ತು. ಒಳ್ಳೆಯ ಘಟ್ಟಕ್ಕೆ ಬಂದ ಮಾತು ಅವರು ತಲೆ ಹಾಕಿದೊಡನೆ ಚೂರಾಗುತ್ತಿತ್ತು. ಹೇಳಿದರೆ ಅವರದು ಒಂದೇ ಉತ್ತರ: “ಹಾಲ್‌ನಾಗ ಕೂತವರು ತಮ್ಮ ಕಣ್ಣು ತಾವು ತಂದಿರ್ತಾರ. ದೂರದವರ ಕಣ್ಣು ನಮ್ಮ ಕೈಯಾಗ ಅದ.”

ಈ ಹಟದ ಮೂಲ ನನಗೆ ತಡವಾಗಿ ತಿಳಿಯಿತು. ಅವರು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಎಂಜಿನಿಯರಾಗಿದ್ದವರು. ಚಿಕ್ಕ ವಯಸ್ಸಿನಲ್ಲಿ ಹಳ್ಳಿ ಶಾಲೆಗಳಿಗೆ ಟೀವಿ ಪಾಠ ಕಳಿಸುವ ಕೆಲಸ. ಇವರ ಕಡೆಯ ಯಂತ್ರಗಳೆಲ್ಲ ಸರಿಯಾಗಿದ್ದವು, ಎಲ್ಲರೂ ಖುಷಿಯಾಗಿದ್ದರು. ಒಂದು ದಿನ ಬೇರೆ ಯಾವುದೋ ಕೆಲಸಕ್ಕೆ ಹೋದವರು ದಾರಿಯಲ್ಲಿ ಅಂಥ ಒಂದು ಶಾಲೆಯಲ್ಲಿ ಇಳಿದರು. ಟೀವಿ ಹಚ್ಚಿದ್ದರು, ಮಕ್ಕಳು ಸಾಲಾಗಿ ಕೂತಿದ್ದರು. ಚಿತ್ರ ಅಡ್ಡಕ್ಕೆ ಕತ್ತರಿಸಿ ಹೋಗಿತ್ತು. ಮೇಷ್ಟರ ಮುಖದ ಮೇಲರ್ಧ ಪರದೆಯ ಕೆಳಗೆ, ಕೆಳಗಿನರ್ಧ ಮೇಲೆ. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ತಂದಾಗಿನಿಂದ ಅಂದರು ಶಾಲೆಯವರು.

“ಯಾರೂ ತಕರಾರು ಮಾಡಿರಲಿಲ್ಲ,” ಎಂದು ಕಾಕಾ ನನಗೆ ಹೇಳಿದರು. “ಟೀವಿ ಅಂದ್ರ ಹಂಗೇ ಇರ್ತದಂತ ತಿಳಕೊಂಡಿದ್ರು. ತಲಿ ಹೊರಳಿಸಿ ಹೊರಳಿಸಿ ನೋಡತಿದ್ವು ಹುಡುಗ್ರು.”

ವಡೋದರಾದಿಂದ ಸೇರುವವರಲ್ಲಿ ಒಬ್ಬರು ರೈಲ್ವೆಯಿಂದ ನಿವೃತ್ತರಾದ ಗಾರ್ಡ್. ನಾವು ಗಾರ್ಡ್ ಸಾಹೇಬರು ಅನ್ನುತ್ತಿದ್ದೆವು. ಬಳ್ಳಾರಿ ಕಡೆಯವರು, ಫತೇಗಂಜ್‌ನಲ್ಲಿ ಮಗ-ಸೊಸೆಯ ಜೊತೆ ಮನೆ. ಅವರು ಮಾತಾಡುತ್ತಿರಲಿಲ್ಲ. ಪರದೆಯ ಪಕ್ಕದಲ್ಲಿ ಬರೆದು ಕಳಿಸುವ ಜಾಗವಿರುತ್ತದಲ್ಲ, ಅಲ್ಲಿ ಕನ್ನಡದಲ್ಲಿ ಪ್ರಶ್ನೆ ಟೈಪ್ ಮಾಡುತ್ತಿದ್ದರು. ಪ್ರಶ್ನೆ ಬರುವ ಹೊತ್ತಿಗೆ ಆ ಸ್ಲೈಡ್ ಯಾವಾಗಲೋ ದಾಟಿ ಹೋಗಿರುತ್ತಿತ್ತು. ಮೆಟ್ಟಿಲುಬಾವಿಯ ಪೂರ್ತಿ ಕತೆ ಮುಗಿದು ಎಲ್ಲರೂ ಉಪ್ಪಿಟ್ಟಿನ ಕಡೆ ನೋಡುತ್ತಿದ್ದಾಗ ಅವರ ಸಾಲು ಬರುತ್ತಿತ್ತು: ‘ಎರಡನೇ ಚಿತ್ರದಲ್ಲಿ ನೀರು ಎಲ್ಲಿಂದ ಬರುತ್ತದೆ?’ ಕಾಕಾ ಒಳಗೆ ಬಂದು ಪ್ರಶ್ನೆ ಓದಿ, ಭಾಷಣಕಾರರು ಆ ಚಿತ್ರಕ್ಕೆ ಹಿಂತಿರುಗುವ ತನಕ ಬಿಡುತ್ತಿರಲಿಲ್ಲ. ಚಹಾ ಆರುವ ತನಕ ಕಾಯದ ಮನುಷ್ಯ ಗಾರ್ಡ್ ಸಾಹೇಬರ ಸಾಲಿಗೆ ಕಾಯುತ್ತಿದ್ದುದು ನಮಗೆ ವಿಚಿತ್ರವಾಗಿ ಕಾಣುತ್ತಿತ್ತು.

ಒಂದು ಭಾನುವಾರ ಅದು ಜಗಳಕ್ಕೆ ಬಂತು. ಆ ದಿನ ಮಾತಾಡುತ್ತಿದ್ದವರು ನಮ್ಮ ಅಧ್ಯಕ್ಷರು, ರಸಾಯನಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು. ಶಿಸ್ತಿನ ಮನುಷ್ಯ, ಒಳ್ಳೆಯವರು. ಬಣ್ಣಗಳ ಬಗ್ಗೆ ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡು ಬಂದಿದ್ದರು. ಅವರು ಕೊನೆಯ ಮಾತುಗಳಿಗೆ ಬಂದಾಗ ಕಾಕಾ ಬಾಗಿಲಲ್ಲಿ ಕಾಣಿಸಿಕೊಂಡು ನಾಲ್ಕು ಸ್ಲೈಡ್ ಹಿಂದಕ್ಕೆ ಹೋಗಬೇಕು, ವಡೋದರಾದಿಂದ ಪ್ರಶ್ನೆ ಇದೆ ಅಂದರು. ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸಭೆ ನಡೀತಿರೋದು ಇಲ್ಲಿ,” ಎಂದರು. “ಬೆಳಿಗ್ಗೆ ಎದ್ದು, ಇಷ್ಟು ದೂರ ಬಂದು ಕೂತಿರೋರಿಗೂ ಒಂದು ಮರ್ಯಾದೆ ಇದೆ.”

ಹಾಲ್‌ನಲ್ಲಿ ಕೆಲವರು ತಲೆಯಾಡಿಸಿದರು. ಆ ಮಾತಿನಲ್ಲಿ ನ್ಯಾಯವೂ ಇತ್ತು. ಮಾತು ಬೆಳೆಯುತ್ತ ಹೋಗಿ, ಇನ್ನು ಮುಂದೆ ದೂರದವರು ಕೇಳಲಿ ಸಾಕು, ಪ್ರಶ್ನೆಗಳಿದ್ದರೆ ಆಮೇಲೆ ಬರೆದು ಕಳಿಸಲಿ ಎಂದು ಅಲ್ಲೇ ತೀರ್ಮಾನವಾಯಿತು. ಕಾಕಾ ತಮ್ಮ ವೈರುಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು, ಉಪ್ಪಿಟ್ಟು ಮುಟ್ಟದೆ ಹೋದರು.

ಮುಂದಿನ ತಿಂಗಳು ಅವರು ಬರಲಿಲ್ಲ. ಯಾರೋ ಲ್ಯಾಪ್‌ಟಾಪ್ ಇಟ್ಟರು, ಯಾರೋ ಲಿಂಕ್ ಕಳಿಸಿದರು. ಸಭೆ ಶುರುವಾಗಿ ಸ್ವಲ್ಪ ಹೊತ್ತಿಗೆ ಗಾರ್ಡ್ ಸಾಹೇಬರ ಹೆಸರಿನಲ್ಲಿ ಒಂದು ಸಾಲು ಬಂತು: ‘ಸ್ಲೈಡ್ ನಿಂತದ.’ ಆಮೇಲೆ ಇನ್ನೊಂದು: ‘ಮೈಕ್ ಅಂಗಿಗೆ ತಿಕ್ಕಲಿಕ್ಕೆ ಹತ್ತೇದ.’ ಬಳ್ಳಾರಿಯವರು ಧಾರವಾಡದ ಕನ್ನಡ ಯಾವಾಗ ಕಲಿತರು ಎಂದು ನಾನು ಯೋಚಿಸುತ್ತಿರುವಾಗಲೇ ಮೂರನೆಯದು ಬಂತು: ‘ಇಲ್ಲಿ ನೋಡಿ ಅಂದ್ರ ಎಲ್ಲಿ? ಆ ಕೆಂಪು ಚುಕ್ಕಿ ಯಾರು ಹೊಸಾದು ತಂದವರು?’

ಸಂಜೆ ಫೋನು ಮಾಡಿದೆ. ಕಾಕಾ ರೈಲಿನಲ್ಲಿದ್ದರು. ಬೆಳಿಗ್ಗೆ ಕಾಲುಪುರ ಸ್ಟೇಷನ್ನಿನಿಂದ ರೈಲು ಹಿಡಿದು ವಡೋದರಾಕ್ಕೆ ಹೋಗಿ, ಗಾರ್ಡ್ ಸಾಹೇಬರ ಪಕ್ಕದಲ್ಲಿದ್ದು ಸಭೆ ನೋಡಿ, ವಾಪಸು ಬರುತ್ತಿದ್ದರು. ಪ್ರತಿ ತಿಂಗಳೂ ಹಾಗೇ ಮಾಡುವುದೆಂದು ನಿಶ್ಚಯಿಸಿದ್ದರು. ನಾನು, ಇದೆಂಥ ಹುಚ್ಚು ಕಾಕಾ, ಆ ಪ್ರಶ್ನೆ ಆಮೇಲೆ ಬರೆದು ಕಳಿಸಿದರೆ ಏನಾಗುತ್ತದೆ ಎಂದೆ. ರೈಲಿನ ಸದ್ದಿನ ನಡುವೆ ಅವರು ನಿಜ ಹೇಳಿದರು.

ಗಾರ್ಡ್ ಸಾಹೇಬರಿಗೆ ಲಕ್ವ ಹೊಡೆದಿತ್ತು. ಮೊದಲು ಮಾತು ಪೂರ್ತಿ ಹೋಯಿತು. ಆಮೇಲೆ ನಿಧಾನಕ್ಕೆ ಮರಳಿ ಬಂದದ್ದು ಕನ್ನಡ ಮಾತ್ರ. ಕೆಲಸದುದ್ದಕ್ಕೂ ಆಡಿದ ಹಿಂದಿ, ಮನೆಯಲ್ಲಿ ಆಡುತ್ತಿದ್ದ ಗುಜರಾತಿ, ಎರಡೂ ಬರಲಿಲ್ಲ. ಹೆಂಡತಿ ತೀರಿಹೋಗಿದ್ದರು. ಮಗ ಅಲ್ಲೇ ಹುಟ್ಟಿ ಬೆಳೆದವನು, ಅವನ ಕನ್ನಡ ‘ಊಟ ಆಯ್ತಾ’ಕ್ಕೆ ನಿಲ್ಲುತ್ತಿತ್ತು. ಸೊಸೆ ಗುಜರಾತಿನವಳು, ಮಾವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದಳು, ಆದರೆ ಅವರ ಮಾತು ಅವಳಿಗೆ ತಿಳಿಯದು. ಆ ಮನೆಯಲ್ಲಿ ಗಾರ್ಡ್ ಸಾಹೇಬರ ಪ್ರಶ್ನೆಗೆ ಉತ್ತರ ಸಿಗುತ್ತಿದ್ದುದು ತಿಂಗಳಿಗೊಂದು ಭಾನುವಾರ. ಚಿತ್ರ ಹೇಗೆ ಕಾಣುತ್ತದೆಂದು ವಿಚಾರಿಸಲು ಕಾಕಾ ಹಿಂದೊಮ್ಮೆ ಫೋನು ಮಾಡಿದಾಗ ಇದು ಗೊತ್ತಾಗಿತ್ತು.

“ಇದನ್ನ ಆವತ್ತೇ ಸಭೆಯಲ್ಲಿ ಹೇಳಿದ್ದರೆ ಎಲ್ಲರೂ ಒಪ್ತಿದ್ದರಲ್ಲ ಕಾಕಾ,” ಎಂದೆ.

“ಅದು ಅವರ ಮನಿ ಮಾತು. ಸಭಾದಾಗ ಹೇಳೂದಲ್ಲ,” ಎಂದರು. “ಕರುಣಾಕ್ಕ ಕಾಯೂದು ಬ್ಯಾರೆ, ಪ್ರಶ್ನೆ ಕೇಳ್ಯಾರಂತ ಕಾಯೂದು ಬ್ಯಾರೆ. ಅವರು ಕೇಳಿದ್ದು ಪ್ರಶ್ನೆ.”

ನಾನು ಅವರ ಹಾಗೆ ಬಾಯಿ ಮುಚ್ಚಿಕೊಂಡಿರಲಿಲ್ಲ. ಅಧ್ಯಕ್ಷರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಮುಂದಿನ ಸಲ ಗಾರ್ಡ್ ಸಾಹೇಬರೇ ಮಾತಾಡಲಿ, ಪ್ರಶ್ನೆ ನಾನು ಕೇಳುತ್ತೇನೆ ಎಂದರು. ಹೇಳಿಬಿಟ್ಟೆನೆಂದು ಕಾಕಾ ನನ್ನ ಜೊತೆ ಕೆಲವು ವಾರ ಮಾತು ಬಿಟ್ಟರು. ಆದರೂ ತಯಾರಿ ಶುರುವಾಯಿತು. ಗಾರ್ಡ್ ಸಾಹೇಬರು ಕೆಲಸ ಮಾಡಿದ್ದು ವಡೋದರಾ ಸುತ್ತಿನ ನ್ಯಾರೋಗೇಜ್ ಲೈನಿನಲ್ಲಿ, ಆ ಚಿಕ್ಕ ರೈಲುಗಳಲ್ಲಿ. ಹಿಂದಿನ ಡಬ್ಬಿಯಲ್ಲಿ ನಿಂತು ತೆಗೆದ ಫೋಟೊಗಳು ಅವರ ಹತ್ತಿರವಿದ್ದವು. ಕಾಕಾ ಈಗ ತಿಂಗಳಿಗೊಮ್ಮೆಯಲ್ಲ, ವಾರವಾರ ವಡೋದರಾಕ್ಕೆ ಹೋಗತೊಡಗಿದರು. ಅವರ ಬದಲು ನೀವೇ ಓದಿಬಿಡಿ ಎಂದು ಯಾರೋ ಸಲಹೆ ಕೊಟ್ಟದ್ದಕ್ಕೆ ಆ ಸದಸ್ಯರ ಫೋನನ್ನೇ ಕಟ್ ಮಾಡಿದರಂತೆ.

ಆ ಭಾನುವಾರ ನಮ್ಮ ಹಾಲೇ ದೂರದ ಊರಾಯಿತು. ಗೋಡೆಯ ಮೇಲೆ ಗಾರ್ಡ್ ಸಾಹೇಬರ ಮುಖ, ಅದರ ಪಕ್ಕ ಒಂದು ಕಪ್ಪು-ಬಿಳುಪು ಫೋಟೊ: ಹೊಲದ ನಡುವೆ ಪುಟ್ಟ ಎಂಜಿನ್. ಎಡಗೈಯಿಂದ ಅವರೇ ಸ್ಲೈಡ್ ಮುಂದೆ ಹಾಕುತ್ತಿದ್ದರು. ಒಂದು ಪದ, ಒಂದು ನಿಲುಗಡೆ, ಮತ್ತೊಂದು ಪದ. ಮೊದಮೊದಲು ಕುರ್ಚಿಗಳು ಕಿರುಗುಟ್ಟಿದವು, ಯಾರೋ ಕೆಮ್ಮಿದರು. ನಿಧಾನಕ್ಕೆ ನಮ್ಮ ಕಿವಿ ಆ ವೇಗಕ್ಕೆ ಹೊಂದಿಕೊಂಡಿತು. ಹಾಲಿನ ಕ್ಯಾನ್ ಹೊತ್ತು ಓಡಿ ಬರುವವರಿಗಾಗಿ ರೈಲನ್ನೇ ತಡೆದು ನಿಲ್ಲಿಸುತ್ತಿದ್ದುದನ್ನು ಅವರು ಹೇಳಿದಾಗ ಇಡೀ ಹಾಲ್ ನಕ್ಕಿತು. ಅವರು ಆ ನಗು ಕೇಳಿ ಅರೆಗಳಿಗೆ ನಿಂತು, ಎಡಗಡೆಗೆ ತಿರುಗಿ ನೋಡಿದರು. ಅಲ್ಲಿ ಕಾಕಾ ಇದ್ದಿರಬೇಕು.

ಆಗ ಸಂಪರ್ಕ ಕಡಿಯಿತು. ಗಾರ್ಡ್ ಸಾಹೇಬರ ಮುಖ ಅರ್ಧ ಬಾಯಿ ತೆರೆದು ಗೋಡೆಯ ಮೇಲೆ ಹಾಗೇ ನಿಂತುಬಿಟ್ಟಿತು. ಅಧ್ಯಕ್ಷರು ತಾವೇ ಮೇಜಿನ ಕೆಳಗೆ ಬಗ್ಗಿ ವೈರುಗಳನ್ನು ನೋಡಿದರು. ತೊಂದರೆ ನಮ್ಮ ಕಡೆಯದಲ್ಲ. ಕಾಕಾನ ಫೋನಿಗೆ ಮಾಡಿದೆ, ತೆಗೆಯಲಿಲ್ಲ. ಮತ್ತೆ ಮಾಡಿದೆ. ಕೆಲವರು ಎದ್ದು ಹೊರಗೆ ಹೋದರು, ಕೆಲವರು ಹೋಗಿ ಮರಳಿ ಬಂದರು. ಚಿತ್ರ ಮರಳಿ ಬಂದಾಗ ಗಾರ್ಡ್ ಸಾಹೇಬರು ಕೊನೆಯ ಸ್ಲೈಡ್‌ನಲ್ಲಿದ್ದರು. “ಇಷ್ಟೇ,” ಎಂದು ಕೈ ಮುಗಿದರು. ನಾವು ಚಪ್ಪಾಳೆ ತಟ್ಟಿದೆವು. ಅಧ್ಯಕ್ಷರು ಎದ್ದು ನಿಂತು ಹಾಲಿನ ಕ್ಯಾನಿನವರ ಬಗ್ಗೆ ಒಂದು ಪ್ರಶ್ನೆ ಕೇಳಿದರು, ಉತ್ತರ ಪೂರ್ತಿಯಾಗುವ ತನಕ ನಿಂತೇ ಇದ್ದರು.

ಮರುದಿನ ನಾನು ಕಾಕಾನನ್ನು ಹಿಡಿದೆ. ಧ್ವನಿ ಸ್ವಲ್ಪ ಒಡೆದರೆ ಸಭೆ ನಿಲ್ಲಿಸುವವರು, ಇಷ್ಟು ದೊಡ್ಡ ಭಾಗ ಹೋದಾಗ ಅವರನ್ನು ಯಾಕೆ ತಡೆಯಲಿಲ್ಲ, ಫೋನಾದರೂ ಯಾಕೆ ತೆಗೆಯಲಿಲ್ಲ ಎಂದು ಕೇಳಿದೆ.

“ಅವರಿಗೆ ಮಾತಿನ ಓಟ ಸಿಕ್ಕಿತ್ತವಾ,” ಎಂದರು. “ತಡದಿದ್ರ ಮತ್ತ ಸಿಗತಿರಲಿಲ್ಲ. ಲೈನ್ ಹೋದದ್ದು ಅವರಿಗೆ ಗೊತ್ತಾಗಿಲ್ಲ. ನೀ ಹೇಳಬ್ಯಾಡ.”

“ಮತ್ತೆ ಆ ಭಾಗ ಯಾರು ಕೇಳಿದ ಹಾಗಾಯ್ತು?”

“ನಾ ಇದ್ದೆನಲ್ಲ.”

ಇದಾದ ಮೇಲೆ ಕೂಟದ ತೀರ್ಮಾನ ತಾನಾಗಿ ಬಿದ್ದುಹೋಯಿತು. ಯಾರೂ ಅದನ್ನು ರದ್ದು ಮಾಡಲಿಲ್ಲ, ಯಾರೂ ನೆನಪಿಸಲೂ ಇಲ್ಲ. ಕಾಕಾ ಹಾಲ್‌ಗೆ ಮರಳಿದರು, ಬಾಗಿಲಲ್ಲಿ ತಲೆ ಹಾಕುವುದೂ ಮರಳಿತು. ಒಂದು ತಿಂಗಳು ಇಲ್ಲಿ, ಒಂದು ತಿಂಗಳು ವಡೋದರಾದಲ್ಲಿ. ಹೀಗೆಯೇ ಓಡಾಡಿಕೊಂಡಿದ್ದವರು ಚಹಾ ಮಾಡಲು ಎದ್ದ ಒಂದು ಬೆಳಿಗ್ಗೆ ಹೋದರು.

ದಿನಕರ್ಮಗಳು ಮುಗಿದ ಮೇಲೆ ನಾನು ವಡೋದರಾಕ್ಕೆ ಹೋದೆ. ಗಾರ್ಡ್ ಸಾಹೇಬರಿಗೆ ಸುದ್ದಿಯನ್ನು ಮಗ ಹೇಗೆ ತಿಳಿಸಿದ್ದನೋ, ಎಷ್ಟು ತಿಳಿದಿತ್ತೋ ಎಂಬ ಚಿಂತೆ ದಾರಿಯುದ್ದಕ್ಕೂ ಇತ್ತು. ಅವರಿಗೆ ಎಲ್ಲ ತಿಳಿದಿತ್ತು. ಸೊಸೆ ಚಹಾ ತಂದಿಟ್ಟು, ನನ್ನ ಕೈ ಒಮ್ಮೆ ಹಿಡಿದು ಒಳಗೆ ಹೋದಳು. ನಾನು, ಆವತ್ತು ನೀವು ಹೇಳಿದ ಕತೆಯಲ್ಲಿ ಹಾಲಿನ ಕ್ಯಾನಿನವರ ನಂತರ ಏನಿತ್ತು, ಇನ್ನೊಮ್ಮೆ ಹೇಳುತ್ತೀರಾ ಎಂದೆ. ಅವರು ಹೇಳಿದರು. ಆ ಲೈನಿನ ಕೊನೆಯ ಓಟದ ದಿನ. ಹಳ್ಳಿಯವರು ಎಂಜಿನ್ನಿಗೆ ಕುಂಕುಮ ಹಚ್ಚಿದ್ದು. ಹತ್ತಿದವರು ಯಾರೂ ತಮ್ಮ ಸ್ಟೇಷನ್ನಿನಲ್ಲಿ ಇಳಿಯದೆ ಕೊನೆಯ ತನಕ ಬಂದದ್ದು. ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು.

ಕೇಳಿದ ಮೇಲೆ ನನಗೆ ಮುಚ್ಚಿಡಲಾಗಲಿಲ್ಲ. ಈ ಭಾಗ ಆವತ್ತು ನಮಗೆ ಬರಲೇ ಇಲ್ಲ, ಲೈನ್ ಕಡಿದಿತ್ತು, ನಿಮಗೆ ಬೇಸರವಾದೀತೆಂದು ಕಾಕಾ ಹೇಳಬೇಡ ಎಂದಿದ್ದರು ಎಂದೆ.

ಗಾರ್ಡ್ ಸಾಹೇಬರು ತಲೆಯಾಡಿಸಿದರು. ತುಟಿಯ ಒಂದು ಬದಿ ನಗುತ್ತಿತ್ತು.

“ಗೊತ್ತಿತ್ತು,” ಎಂದರು. “ನಿಮ್ಮ ಹಾಲ್… ನಿಂತುಬಿಟ್ಟಿತ್ತು. ಪರದೆ ಮೇಲೆ.”

“ಮತ್ತೆ ನೀವಾದರೂ ನಿಲ್ಲಿಸಬಹುದಿತ್ತಲ್ಲ ಸರ್?”

ಅವರು ಪದ ಹುಡುಕುತ್ತಿದ್ದರು. ನನ್ನ ರೈಲಿಗೆ ಹೊತ್ತಾಗುತ್ತಿತ್ತು. ನಾನು ಗಡಿಯಾರ ನೋಡದೆ ಕಾದೆ.

“ಅಷ್ಟು ಹೊತ್ತು… ಕಾಕಾ… ಕೂತಲ್ಲಿಂದ… ಎದ್ದೇ ಇಲ್ಲಮ್ಮ,” ಎಂದರು. “ಹೆಂಗೆ… ನಿಲ್ಲಿಸಲಿ?”